ಸತ್ಯಾಂಶ: ಸರ್ಫಿಂಗ್‌ನಲ್ಲಿ ಕೆಲಸವೆಲ್ಲ ಅಲೆಯದ್ದೇ?

“ಅಮೆರಿಕದ ಶಾಲೆಗಳಲ್ಲಿ ಪಿ.ಟಿ. ಪಿರಿಯಡ್‌ಗೆ ಸರ್ಫಿಂಗ್ ಅಂತೆ. ಹಲಗೆ ಮೇಲೆ ಸುಮ್ನೆ ನಿಂತರೆ ಸಾಕು, ಅಲೆಯೇ ತಳ್ಳುತ್ತೆ. ಅದೆಂಥ ವ್ಯಾಯಾಮ?” ಇಂಥ ಮೆಸೇಜ್ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ.

ದಕ್ಷಿಣ ಕ್ಯಾಲಿಫೋರ್ನಿಯಾದ ಕಡಲತೀರದ ಕೆಲವು ಹೈಸ್ಕೂಲ್‌ಗಳಲ್ಲಿ ಸರ್ಫಿಂಗ್ ಪಾಠ ಇರುವುದು ನಿಜ. ಉಳಿದದ್ದು ತಪ್ಪು.

ಸರ್ಫರ್‌ಗಳು ನೀರಿನಲ್ಲಿ ಹೊತ್ತು ಹೇಗೆ ಕಳೆಯುತ್ತಾರೆ ಎಂದು ಸಂಶೋಧಕರು ಅಳೆದು ನೋಡಿದ್ದಾರೆ. ಹೆಚ್ಚುಕಡಿಮೆ ಅರ್ಧ ಹೊತ್ತು ಬೋರ್ಡ್ ಮೇಲೆ ಬೋರಲು ಮಲಗಿ, ಕೈಯಿಂದ ನೀರು ತಳ್ಳುತ್ತಾ ಮುಂದೆ ಹೋಗುವುದರಲ್ಲೇ ಕಳೆಯುತ್ತದೆ. ಅಲೆಯ ಮೇಲೆ ಸವಾರಿ ಶೇ 10ಕ್ಕಿಂತಲೂ ಕಡಿಮೆ. ಮಿಕ್ಕಿದ್ದು ಬಹುಪಾಲು ಕಾಯುವುದು.

ಹೀಗೆ ಕೈಯಿಂದ ನೀರು ತಳ್ಳುವುದಕ್ಕೆ ಪ್ಯಾಡ್ಲಿಂಗ್ ಎನ್ನುತ್ತಾರೆ. ಅದು ಸಲೀಸಲ್ಲ. ತಲೆ, ಎದೆ ಎತ್ತಿ ಹಿಡಿದೇ ಇರಬೇಕು. ಭುಜ, ಬೆನ್ನು ಬಿಡುವಿಲ್ಲದೆ ದುಡಿಯುತ್ತವೆ. ಅಲೆ ಬಂದಾಗ ಇನ್ನೂ ಜೋರಾಗಿ ಕೈ ಬೀಸಿ, ಎರಡೂ ಅಂಗೈ ಊರಿ, ಒಂದೇ ನೆಗೆತಕ್ಕೆ ಎದ್ದು ನಿಲ್ಲಬೇಕು. ಬಿದ್ದರೆ ಮತ್ತೆ ಮೊದಲಿಂದ! ಕ್ಯಾಲಿಫೋರ್ನಿಯಾದಲ್ಲಿ ಸರ್ಫಿಂಗ್ ಕಲಿಯುವ ಹೈಸ್ಕೂಲ್ ವಿದ್ಯಾರ್ಥಿಗಳ ಹೃದಯಬಡಿತವನ್ನೇ ಅಳೆದ ಅಧ್ಯಯನವೂ ಇದೆ. ಹೃದಯ, ಶ್ವಾಸಕೋಶ ಗಟ್ಟಿಯಾಗಲು ಬೇಕಾದ ಮಟ್ಟಕ್ಕೆ ಬಡಿತ ಏರುತ್ತದೆ ಎಂದು ಅದರಲ್ಲಿ ಕಂಡುಬಂದಿದೆ.

ನಮ್ಮ ಮುಲ್ಕಿಯಲ್ಲೂ ಸರ್ಫಿಂಗ್ ಕಲಿಸುತ್ತಾರೆ. ಮಕ್ಕಳನ್ನು ಕಳಿಸುವ ಆಸೆ ಇದ್ದರೆ ಮೊದಲು ಈಜು ಕಲಿಸಿ. ತರಬೇತುದಾರರಿಲ್ಲದೆ ಕಡಲಿಗೆ ಇಳಿಸಲೇಬೇಡಿ.