ಬಾವುಟದ ಕೋಲಿಗೆ ಶಾಲೆ ಚೀಲ

ಜೂನ್ ತಿಂಗಳು ಬಂದರೆ ಇಲ್ಲಿ ಐಂಡ್‌ಹೋವನ್‌ನ ನಮ್ಮ ಓಣಿಯಲ್ಲಿ ಅಲ್ಲಲ್ಲಿ ಮನೆ ಮುಂದೆ ಕೆಂಪು, ಬಿಳಿ, ನೀಲಿ ಬಾವುಟ ಕಾಣುತ್ತದೆ. ಬಾವುಟದ ಕೋಲಿಗೆ ಒಂದು ಹಳೆಯ ಶಾಲೆ ಚೀಲ ನೇತಾಡುತ್ತಿರುತ್ತದೆ. ಆ ಮನೆಯ ಹುಡುಗನೋ ಹುಡುಗಿಯೋ ಹೈಸ್ಕೂಲಿನ ಕೊನೆ ಪರೀಕ್ಷೆ ಪಾಸಾದರು ಅಂತ ಅರ್ಥ. ನೆದರ್ಲೆಂಡ್ಸ್‌ನಲ್ಲಿ ಇದು ಎಲ್ಲರಿಗೂ ಗೊತ್ತಿರುವ ಗುರುತು. ಎಷ್ಟು ಮಾರ್ಕ್ಸ್ ಬಂತು ಅಂತ ಯಾರಿಗೂ ಬೇಕಿಲ್ಲ. ಪಾಸಾದರೆ ಸಾಕು, ಚೀಲ ಮೇಲೇರುತ್ತದೆ. ದಾರಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ ಕೈಬೀಸುತ್ತಾರೆ.

ಮೊದಲ ಸಲ ನೋಡಿದಾಗ ನನಗೆ ನಮ್ಮ ಅಪ್ಪ ನೆನಪಾದರು. ಗದಗಿನಲ್ಲಿ ನಾನು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗ ಅವರು ಹೇಳಿದ್ದು ಇಷ್ಟೇ: “ಹ್ಞೂಂ. ಮುಂದಿಂದು ನೋಡು.” ನಾನು ಪಾಸಾಗಿದ್ದು ಅವರಿಗೆ ಲೆಕ್ಕಕ್ಕೇ ಇಲ್ಲ ಅಂದುಕೊಂಡೆ. ವಾರ ಬಿಟ್ಟು ಕಟಿಂಗ್ ಶಾಪಿಗೆ ಹೋದರೆ ಅಂಗಡಿಯವರು ನಕ್ಕರು. “ನಿಮ್ಮ ಅಪ್ಪಾರು ಇಲ್ಲಿ ಕುಂತವರಿಗೆಲ್ಲಾ ಪೇಢೆ ಕೊಟ್ಟು ಹೋದ್ರಪಾ” ಅಂದರು. ಅಪ್ಪನ ಖುಷಿ ಊರಿಗೆಲ್ಲ ಗೊತ್ತಿತ್ತು. ನನಗೊಬ್ಬನಿಗೆ ಗೊತ್ತಿರಲಿಲ್ಲ.

ಇದರಲ್ಲಿ ಅಪ್ಪನ ತಪ್ಪಿಲ್ಲ. ಮಕ್ಕಳನ್ನು ಎದುರಿಗೆ ಹೊಗಳಬಾರದು, ದೃಷ್ಟಿ ಆಗುತ್ತದೆ ಅಂತ ನಂಬಿ ಬೆಳೆದವರು ಅವರು. ಆ ನಂಬಿಕೆಯಲ್ಲೂ ಪ್ರೀತಿಯೇ ಇದೆ. ಆದರೂ ಆ ಪೇಢೆಯ ಒಂದು ಚೂರು ಅವರ ಕೈಯಿಂದಲೇ ನನ್ನ ಬಾಯಿಗೆ ಬಿದ್ದಿದ್ದರೆ ಅಂತ ಇವತ್ತಿಗೂ ಅನಿಸುತ್ತದೆ.

ಇಲ್ಲಿನ ಡಚ್ಚರ ಇಂಥ ಸಂಭ್ರಮವೆಲ್ಲ ಬರೀ ಫಾರ್ಮಾಲಿಟಿ ಅನ್ನುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಇಲ್ಲಿ ಮಗು ಹುಟ್ಟಿದರೆ ನೋಡಲು ಬಂದವರಿಗೆ ದುಂಡನೆಯ ರಸ್ಕಿಗೆ ಬೆಣ್ಣೆ ಹಚ್ಚಿ, ಮೇಲೆ ಸಕ್ಕರೆ ಸೋಂಪು ಉದುರಿಸಿ ಕೊಡುತ್ತಾರೆ. ಹೆಣ್ಣಾದರೆ ಗುಲಾಬಿ, ಗಂಡಾದರೆ ನೀಲಿ, ಜೊತೆಗೆ ಬಿಳಿ. ಆ ಸೋಂಪಿಗೆ ‘ಮೌಶೆಸ್’, ಅಂದರೆ ಪುಟ್ಟ ಇಲಿಗಳು, ಅಂತ ಹೆಸರು. ಸೋಂಪು ತಿಂದರೆ ತಾಯಿಗೆ ಹಾಲು ಹೆಚ್ಚುತ್ತದೆ ಅಂತ ಇವರ ಹಿಂದಿನವರು ನಂಬಿದ್ದರಂತೆ. ನಾವು ಬಾಣಂತಿಗೆ ಸಬ್ಬಸಿಗೆ ಸೊಪ್ಪು ಕೊಡುವುದಿಲ್ಲವಾ, ಹಾಗೆ.

ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದದ್ದು ಇಲ್ಲಿಯ ಹುಟ್ಟುಹಬ್ಬ. ಕೇಕ್ ಕೊಡಿಸುವುದು ಹುಟ್ಟುಹಬ್ಬದವರೇ. ನಮ್ಮ ಮಕ್ಕಳೂ ಶಾಲೆಗೆ ಚಾಕಲೇಟ್ ಒಯ್ಯುತ್ತಾರಲ್ಲ. ಬೇರೆ ಏನಿದೆ ಅಂದರೆ, ಬಂದವರು ಕೋಣೆಯಲ್ಲಿ ದುಂಡಗೆ ಕೂತ ಎಲ್ಲರ ಕೈ ಕುಲುಕುತ್ತಾರೆ. ತಾಯಿಗೆ, “ನಿಮ್ಮ ಮಗನ ಹುಟ್ಟುಹಬ್ಬಕ್ಕೆ ಅಭಿನಂದನೆ.” ತಂಗಿಗೆ, “ನಿಮ್ಮ ಅಣ್ಣನ ಹುಟ್ಟುಹಬ್ಬಕ್ಕೆ ಅಭಿನಂದನೆ.” ಹೆಂಡತಿಗೆ, ಅಜ್ಜನಿಗೆ, ಪಕ್ಕದ ಮನೆಯವರಿಗೂ. ಮೊದಲ ಸಲ ನನಗೆ ಗಲಿಬಿಲಿ ಆಯಿತು. ಆಮೇಲೆ ತಿಳಿಯಿತು. ಒಬ್ಬ ಇಷ್ಟು ವರ್ಷ ಬಾಳಿದ್ದಾನೆ ಅಂದರೆ ಅದರಲ್ಲಿ ಇವರೆಲ್ಲರ ಪಾಲಿದೆ ಅಲ್ವಾ?

ನಮ್ಮಲ್ಲೂ ಇಂಥ ಚಂದದ ಪದ್ಧತಿ ಇದೆ. ದಸರೆಗೆ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೋಣ” ಅನ್ನುತ್ತೇವೆ. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಎಲೆ ತಗೊಳ್ಳುತ್ತಾರೆ. ಅಂಥದ್ದೊಂದು ದಿನವನ್ನು ನಾನು ಇಲ್ಲಿ ಕಂಡಿಲ್ಲ. ಆದರೆ ನಾವು ಒಳ್ಳೆ ಮಾತು ಆಡಲು ಹಬ್ಬಕ್ಕೇ ಕಾಯುತ್ತೇವೆ. ಸುಮ್ನೆ ಒಂದು ಮಂಗಳವಾರ, ಹೆಸರು ಹಿಡಿದು, “ನೀನು ಇದ್ದದ್ದು ನಮಗೆ ಒಳ್ಳೇದಾಯಿತು” ಅಂತ ಎದುರಿಗೆ ನಿಂತು ಹೇಳಲು ನಮಗೆ ಸಂಕೋಚ. ಈ ಸಂಕೋಚ ನಾವು ಬಿಡಬೇಕು.

ಹೋದ ವರ್ಷ ನನ್ನ ಹುಟ್ಟುಹಬ್ಬದ ಬೆಳಿಗ್ಗೆ ಊರಿಗೆ ಫೋನ್ ಮಾಡಿದೆ. “ಅವ್ವಾ, ಅಭಿನಂದನೆ” ಅಂದೆ.

“ನನಗ ಯಾಕಪಾ? ಹುಟ್ಟಿದ ದಿನ ನಿಂದಲ್ಲೇನು?”

“ಹಡದಾಕಿ ನೀನಲ್ಲಾ?”

ಸ್ವಲ್ಪ ಹೊತ್ತು ಅವ್ವ ಮಾತಾಡಲಿಲ್ಲ. ಆಮೇಲೆ, “ಅವತ್ತ ಭಾಳ ಮಳಿ ಇತ್ತು ನೋಡು” ಅಂತ ಶುರು ಮಾಡಿದಳು. ಅಪ್ಪ ಆ ಮಳೆಯಲ್ಲಿ ಸೈಕಲ್ ಹತ್ತಿ ನರ್ಸಮ್ಮನನ್ನು ಕರೆಯಲು ಹೋಗಿದ್ದು, ದೀಪ ಹೋಗಿದ್ದು, ಅಜ್ಜಿ ಕಂದೀಲು ಹಿಡಿದು ಬಾಗಿಲಲ್ಲಿ ನಿಂತಿದ್ದು. ನಲವತ್ತು ವರ್ಷದಲ್ಲಿ ಇದನ್ನು ನಾನು ಕೇಳೇ ಇರಲಿಲ್ಲ.