ತಿಂಡಿಗೆ ಮುಂಚೆ ಒಂದು ಕಾಫಿ

ಹೋದ ವರ್ಷ ಅಮ್ಮನ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.4 ಬಂತು. ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಮೂರು ತಿಂಗಳು ತಪ್ಪದೆ ತೆಗೆದುಕೊಂಡಳು. ಮತ್ತೆ ಪರೀಕ್ಷೆ ಮಾಡಿಸಿದರೆ 9.7. ನನಗೆ ಗಾಬರಿಯಾಯಿತು. ಫೋನ್ ಮಾಡಿ ಕೇಳಿದೆ.

‘ಮಾತ್ರೆ ಯಾವಾಗ ತಗೋತೀಯಮ್ಮಾ?’

‘ತಿಂಡಿ ಆದ್ಮೇಲೆ ಕಣೋ, ಕಾಫಿ ಜೊತೆ. ಆಗಾದ್ರೆ ಮರೆಯಲ್ಲ.’

ಮಾತ್ರೆ ಕೊಟ್ಟವರು ದಿನಕ್ಕೆ ಒಂದು ಅಂದಿದ್ದರು, ಅಷ್ಟೇ. ಕಾಫಿ ಕಬ್ಬಿಣವನ್ನು ಮೈಗೆ ಸೇರಲು ಬಿಡುವುದಿಲ್ಲ, ಮಾತ್ರೆಯನ್ನು ಅದರಿಂದ ದೂರ ಇಡಿ ಎಂದು ಯಾರೂ ಹೇಳಿರಲಿಲ್ಲ. ಆ ಒಂದು ಮಾತು ಹೇಳಲು ಅರ್ಧ ನಿಮಿಷ ಸಾಕಿತ್ತು. ಇವತ್ತಿಗೂ ನನಗೆ ಅದರ ಬೇಸರ ಹೋಗಿಲ್ಲ.

ನಾನು ಫಿನ್ಲೆಂಡಿಗೆ ಬಂದು 9 ವರ್ಷವಾಯಿತು. ತಲಾ ಲೆಕ್ಕ ಹಾಕಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಕುಡಿಯುವವರಲ್ಲಿ ಇಲ್ಲಿನ ಜನರೂ ಸೇರುತ್ತಾರೆ. ಒಬ್ಬರಿಗೆ ವರ್ಷಕ್ಕೆ ಸುಮಾರು 10 ಕಿಲೋ ಪುಡಿ. ಕೆಲಸದ ಒಪ್ಪಂದಗಳಲ್ಲೇ ಕಾಫಿ ಬಿಡುವಿನ ಮಾತು ಬರೆದಿರುತ್ತದೆ. ದಿನಕ್ಕೆ ನಾಲ್ಕೈದು ಕಪ್ ಇಲ್ಲಿ ಸಾಮಾನ್ಯ. ಬಂದ ಹೊಸದರಲ್ಲಿ ಇವರ ಕಾಫಿ ನೋಡಿ ನನಗೆ ನಮ್ಮ ಮನೆಯ ಎರಡನೇ ಡಿಕಾಕ್ಷನ್ ನೆನಪಾಗಿತ್ತು. ತೆಳ್ಳಗೆ, ಹುಳಿಹುಳಿ. ಹೆಚ್ಚು ಜನ ಸಕ್ಕರೆಯನ್ನೂ ಹಾಕುವುದಿಲ್ಲ.

ನಮ್ಮ ಕಡೆ ‘ಕಾಫಿ ಒಳ್ಳೇದಾ, ಕೆಟ್ಟದ್ದಾ’ ಎಂದೇ ಕೇಳುತ್ತೇವೆ. ಒಬ್ಬರು ಪಿತ್ತ ಅನ್ನುತ್ತಾರೆ, ಇನ್ನೊಬ್ಬರು ಉಷ್ಣ ಅನ್ನುತ್ತಾರೆ, ಮತ್ತೊಬ್ಬರು ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ ಎಂದು ವಾಟ್ಸಾಪ್ ಕಳಿಸುತ್ತಾರೆ. ಎರಡೂ ಕಡೆಯ ಕಾಫಿ ಕುಡಿದ ಮೇಲೆ ನನಗೆ ಆ ಪ್ರಶ್ನೆಯೇ ಸರಿಯಿಲ್ಲ ಅನಿಸುತ್ತದೆ. ಯಾವಾಗ ಕುಡಿದೆ, ಏನು ತಿಂದು ಕುಡಿದೆ, ಯಾವುದರಲ್ಲಿ ಸೋಸಿದೆ, ಎಷ್ಟು ಚಮಚ ಸಕ್ಕರೆ ಹಾಕಿದೆ ಎಂದು ಕೇಳಬೇಕು.

ಕಬ್ಬಿಣದ ಮಾತನ್ನೇ ನೋಡಿ. ಇಲ್ಲಿ ನನ್ನ ಸಹೋದ್ಯೋಗಿಗಳು ಮಧ್ಯಾಹ್ನ ಊಟ ಮುಗಿಸಿದ ಕೂಡಲೇ ಕಾಫಿ ಕುಡಿಯುತ್ತಾರೆ. ಅಮ್ಮ ಮಾಡುವುದೂ ಅದನ್ನೇ. ಆದರೆ ಎರಡು ತಟ್ಟೆಗಳು ಬೇರೆ ಬೇರೆ. ಇವರ ತಟ್ಟೆಯಲ್ಲಿ ಮೀನು, ಮಾಂಸ ಇರುತ್ತದೆ. ಮಾಂಸದ ಕಬ್ಬಿಣದಲ್ಲಿ ಒಂದು ಪಾಲು ಹೀಮ್ ಎಂಬ ರೂಪದಲ್ಲಿರುತ್ತದೆ. ಅದು ಕರುಳಿನೊಳಗೆ ತನ್ನದೇ ದಾರಿಯಲ್ಲಿ ಸೇರುತ್ತದೆ, ಕಾಫಿ ಅದಕ್ಕೆ ಹೆಚ್ಚೇನೂ ಅಡ್ಡ ಬರುವುದಿಲ್ಲ. ಅಮ್ಮನ ತಟ್ಟೆಯಲ್ಲಿ ರಾಗಿ, ಸೊಪ್ಪು, ಬೇಳೆ, ಕಾಳು. ಇವುಗಳಲ್ಲಿ ಕಬ್ಬಿಣ ಇದೆ, ಆದರೆ ಹೀಮ್ ಇಲ್ಲ. ಕಾಫಿಯಲ್ಲಿರುವ ಪಾಲಿಫಿನಾಲ್‌ಗಳು ಈ ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತವೆ. ಹಾಗೆ ಸಿಕ್ಕಿಕೊಂಡದ್ದು ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತದೆ. ಟೀಯಲ್ಲಿ ಈ ಕಾಟ ಇನ್ನೂ ಜಾಸ್ತಿ.

1983ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ಇದನ್ನು ಅಳೆದು ನೋಡಿತ್ತು. ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ, ಹೀಮ್ ಅಲ್ಲದ ಕಬ್ಬಿಣ ಮೈಗೆ ಸೇರುವುದು ಶೇ. 39ರಷ್ಟು ಕಡಿಮೆಯಾಯಿತು. ಟೀ ಕುಡಿದಾಗ ಶೇ. 64. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿಯಿಂದ ಏನೂ ಕಡಿಮೆಯಾಗಲಿಲ್ಲ. ಊಟವಾಗಿ ಒಂದು ಗಂಟೆಯ ನಂತರ ಕುಡಿದರೆ ಮಾತ್ರ ಜೊತೆಯಲ್ಲೇ ಕುಡಿದಷ್ಟು ಅಡ್ಡಿಯಾಯಿತು.

ಇದನ್ನು ಓದಿದಾಗ ನನಗೆ ಅಜ್ಜಿ ನೆನಪಾದಳು. ಬೆಳಗ್ಗೆ ಎದ್ದು ಮುಖ ತೊಳೆದು ಮೊದಲು ಕಾಫಿ. ಆಮೇಲೆ ಬಾಗಿಲಿಗೆ ನೀರು, ರಂಗೋಲಿ, ಸ್ನಾನ, ಪೂಜೆ. ತಿಂಡಿ ತಿನ್ನುವ ಹೊತ್ತಿಗೆ ಎರಡು ಗಂಟೆ ಕಳೆದಿರುತ್ತಿತ್ತು. ಇಡ್ಲಿ ತಿಂದು ಕೈ ತೊಳೆಯುವ ಮೊದಲೇ ಲೋಟ ಹಿಡಿಯುವ ಅಭ್ಯಾಸ ನಮ್ಮ ಮನೆಗೆ ಆಮೇಲೆ ಬಂದದ್ದು. ಆಫೀಸಿಗೆ, ಸ್ಕೂಲಿಗೆ ಓಡುವ ಗಡಿಬಿಡಿಯಲ್ಲಿ ಎರಡೂ ಒಟ್ಟಿಗೆ ಸೇರಿಕೊಂಡವು. ಖಾಲಿ ಹೊಟ್ಟೆಯ ಕಾಫಿಯಿಂದ ಎದೆಯುರಿ, ಹುಳಿತೇಗು ಬರುವವರಿದ್ದಾರೆ, ಅವರಿಗೆ ಈ ಮಾತು ಹೊಂದುವುದಿಲ್ಲ. ಉಳಿದವರಿಗೆ ಅಜ್ಜಿಯ ಕ್ರಮವೇ ಸರಿ.

2024ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊರತಂದ ಆಹಾರದ ಮಾರ್ಗಸೂಚಿಯೂ ಊಟಕ್ಕೆ ಮುಂಚಿನ ಒಂದು ಗಂಟೆ ಮತ್ತು ನಂತರದ ಒಂದು ಗಂಟೆ ಕಾಫಿ, ಟೀ ಬೇಡ ಅನ್ನುತ್ತದೆ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅದಕ್ಕೆಲ್ಲ ಕಾಫಿ ಟೀಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ತಟ್ಟೆಯಲ್ಲಿ ಸಾಕಷ್ಟು ಆಹಾರವೇ ಇಲ್ಲದವರು ಎಷ್ಟೋ ಜನ. ಆದರೆ ಇರುವ ಸ್ವಲ್ಪ ಕಬ್ಬಿಣವನ್ನೂ ಕಳೆದುಕೊಳ್ಳುವುದು ಯಾಕೆ? ಗಂಟೆ ಬದಲಾಯಿಸಲು ದುಡ್ಡು ಬೇಕಾಗಿಲ್ಲ.

ಥೈರಾಯ್ಡ್ ಮಾತ್ರೆಗೂ ಇದೇ ತೊಂದರೆ. ಬೆಳಗ್ಗೆ ಆ ಮಾತ್ರೆ ನುಂಗಿ ಹಿಂದೆಯೇ ಕಾಫಿ ಕುಡಿದರೆ ಮಾತ್ರೆ ಪೂರ್ತಿ ಮೈಗೆ ಹತ್ತುವುದಿಲ್ಲ. ನೀರಿನಲ್ಲಿ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ನಮ್ಮ ನೆಂಟರಲ್ಲೇ ನಾಲ್ಕು ಜನ ಹೆಂಗಸರು ಈ ಮಾತ್ರೆ ತೆಗೆದುಕೊಳ್ಳುತ್ತಾರೆ. ಕೇಳಿದೆ, ಮೂವರಿಗೆ ಇದು ಗೊತ್ತಿರಲಿಲ್ಲ.

ಇನ್ನು ಸೋಸುವ ವಿಷಯ. ಫಿನ್ಲೆಂಡಿನವರಿಂದ ನಾವು ತಿಳಿಯಬೇಕಾದ್ದು ಇಲ್ಲಿ ಸ್ವಲ್ಪ ಇದೆ. ಇವರೂ ಮೊದಲು ಕಾಗದದಲ್ಲಿ ಸೋಸುತ್ತಿರಲಿಲ್ಲ. ಪಾತ್ರೆಯಲ್ಲಿ ನೀರು, ಪುಡಿ ಹಾಕಿ ಕುದಿಸಿ, ಚರಟ ಕೆಳಗಿಳಿದ ಮೇಲೆ ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಆಗ ಗಂಡಸರಲ್ಲಿ ಹೃದಯದ ಕಾಯಿಲೆಯ ಸಾವು ಜಗತ್ತಿನಲ್ಲೇ ಅತಿ ಹೆಚ್ಚು ಇದ್ದ ಕಡೆಗಳಲ್ಲಿ ಇಲ್ಲಿನ ಪೂರ್ವ ಭಾಗವೂ ಒಂದು. 1972ರಲ್ಲಿ ಆ ಭಾಗದ ಉತ್ತರ ಕರೇಲಿಯದಲ್ಲಿ ಪೆಕ್ಕ ಪುಸ್ಕ ಎಂಬ ಯುವ ವೈದ್ಯರ ನೇತೃತ್ವದಲ್ಲಿ ದೊಡ್ಡ ಕೆಲಸ ಶುರುವಾಯಿತು. ಬೆಣ್ಣೆ, ಉಪ್ಪು, ಸಿಗರೇಟು ಕಡಿಮೆ ಮಾಡಿಸಿದ್ದೇ ಅದರ ಮುಖ್ಯ ಭಾಗ. ಅದೇ ಕಾಲದಲ್ಲಿ ಜನ ಕುದಿಸಿದ ಕಾಫಿ ಬಿಟ್ಟು ಕಾಗದದ ಫಿಲ್ಟರಿಗೆ ಬಂದರು. ಅದೂ ಕೊಲೆಸ್ಟ್ರಾಲ್ ಇಳಿಯಲು ಸ್ವಲ್ಪ ನೆರವಾಯಿತು.

ಕಾಫಿ ಬೀಜದಲ್ಲಿ ಎಣ್ಣೆ ಇರುತ್ತದೆ. ಆ ಎಣ್ಣೆಯಲ್ಲಿ ಕೆಫೆಸ್ಟಾಲ್ ಎಂಬ ವಸ್ತು ಇದೆ, ಅದು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ಕಾಗದ ಆ ಎಣ್ಣೆಯನ್ನು ಬಹುಪಾಲು ಹಿಡಿದುಕೊಳ್ಳುತ್ತದೆ. 1983ರಲ್ಲಿ ನಾರ್ವೆಯ ಟ್ರೊಮ್ಸೊದಲ್ಲಿ ಕಾಫಿಗೂ ಕೊಲೆಸ್ಟ್ರಾಲಿಗೂ ಸಂಬಂಧ ಕಂಡಿತ್ತು. ಆಮೇಲೆ ಹುಡುಕಿದಾಗ ತಪ್ಪು ಕುದಿಸಿದ ಕಾಫಿಯದು ಎಂದು ಗೊತ್ತಾಯಿತು. ನಾರ್ವೆಯಲ್ಲೇ 5 ಲಕ್ಷಕ್ಕೂ ಹೆಚ್ಚು ಜನರನ್ನು ಸುಮಾರು 20 ವರ್ಷ ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಸೋಸಿದ ಕಾಫಿ ಕುಡಿದವರ ಸ್ಥಿತಿಯೇ ಚೆನ್ನಾಗಿತ್ತು.

ನಮ್ಮ ಸ್ಟೀಲ್ ಅಥವಾ ಹಿತ್ತಾಳೆ ಫಿಲ್ಟರು ಈ ಎರಡರ ನಡುವೆ ನಿಲ್ಲುತ್ತದೆ. ಪುಡಿಯನ್ನು ಕುದಿಸುವುದಿಲ್ಲ, ಅದು ಒಳ್ಳೆಯದೇ. ಒತ್ತಿದ ಪುಡಿಯೇ ಒಂದಷ್ಟು ತಡೆಯುತ್ತದೆ. ಆದರೆ ಲೋಹದ ತೂತು ಕಾಗದದ ಹಾಗೆ ಎಣ್ಣೆ ಹಿಡಿಯುವುದಿಲ್ಲ. ಕೊಲೆಸ್ಟ್ರಾಲ್ ಸರಿಯಿದ್ದು ದಿನಕ್ಕೆ ಎರಡು ಸಣ್ಣ ಲೋಟ ಕುಡಿಯುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೊಲೆಸ್ಟ್ರಾಲ್ ಜಾಸ್ತಿ ಇರುವವರು ಇಳಿದ ಡಿಕಾಕ್ಷನ್ನನ್ನೇ ಇನ್ನೊಮ್ಮೆ ಕಾಗದದಲ್ಲಿ ಸೋಸಿಕೊಳ್ಳಬಹುದು. ನಾನು ಹಾಗೆ ಮಾಡುತ್ತೇನೆ. ಹಾಲು ಹಾಕಿದ ಮೇಲೆ ರುಚಿಯಲ್ಲಿ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಸಕ್ಕರೆಯ ವಿಷಯದಲ್ಲಿ ನಾನು ಇಷ್ಟು ಮೃದುವಾಗಿ ಮಾತಾಡಲಾರೆ. ಕಾಫಿ ಕುಡಿಯುವವರಲ್ಲಿ ಟೈಪ್ 2 ಮಧುಮೇಹ ಕಡಿಮೆ, ಲಿವರ್ ಕಾಯಿಲೆ ಕಡಿಮೆ ಎಂದು ಹೇಳುವ ಅಧ್ಯಯನಗಳು ಹೆಚ್ಚಾಗಿ ಯುರೋಪ್, ಅಮೆರಿಕದ ಜನರನ್ನು ನೋಡಿ ಬರೆದವು. ಕೆಫೀನ್ ತೆಗೆದ ಕಾಫಿಯಲ್ಲೂ ಮಧುಮೇಹದ ಲೆಕ್ಕ ಹಾಗೇ ಕಂಡಿದೆ, ಅಂದರೆ ಅಲ್ಲಿ ಕೆಫೀನ್ ಒಂದೇ ಕಾರಣವಲ್ಲ. ಇವು ಕೂಡ ಜನರನ್ನು ಗಮನಿಸಿ ಕಂಡ ಸಂಬಂಧಗಳು, ಕಾಫಿಯೇ ಕಾಯಿಲೆ ತಡೆಯಿತು ಎಂಬ ಪುರಾವೆ ಅಲ್ಲ. ಆ ಸುದ್ದಿಯನ್ನು ತಂದು ನಮ್ಮ ಎರಡು ಚಮಚ ಸಕ್ಕರೆಯ ಕಾಫಿಗೆ ಅಂಟಿಸುವುದು ಹೇಗೆ ಸರಿ? ಒಂದು ಚಮಚ ಅಂದರೆ 4 ಗ್ರಾಂ. ದಿನಕ್ಕೆ ನಾಲ್ಕು ಲೋಟ ಕುಡಿದರೆ 32 ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಅನ್ನುತ್ತದೆ. ಸಿಹಿತಿಂಡಿ, ಬಿಸ್ಕತ್ತು ಮುಟ್ಟದೆಯೇ ಲೆಕ್ಕ ಮೀರಿತು. ಇಲ್ಲಿನವರೂ ಕಾಫಿ ಜೊತೆ ಏಲಕ್ಕಿ ಹಾಕಿದ ಸಿಹಿ ಬನ್ ತಿನ್ನುತ್ತಾರೆ, ಅದರಲ್ಲೂ ಸಕ್ಕರೆ, ಬೆಣ್ಣೆ ಸಾಕಷ್ಟಿದೆ. ಆದರೆ ಅದು ಪ್ರತಿ ಕಪ್ಪಿಗೂ ಬರುವುದಿಲ್ಲ.

ನಾನು ಎರಡು ಚಮಚದಿಂದ ಅರ್ಧಕ್ಕೆ ಇಳಿಯಲು ಆರು ತಿಂಗಳು ತೆಗೆದುಕೊಂಡೆ. ಚಿಕೋರಿ ಕಡಿಮೆ ಇರುವ ಪುಡಿಗೆ ಬಂದದ್ದು ಸಹಾಯವಾಯಿತು, ಕಹಿ ಕಡಿಮೆಯಾಗಿ ಸಕ್ಕರೆ ಬೇಡುವುದು ತಾನಾಗಿ ತಗ್ಗಿತು. ಚಿಕೋರಿ ಕೆಟ್ಟದ್ದೇನಲ್ಲ, ಅದೊಂದು ಬೇರು, ಅದರಲ್ಲಿ ಕೆಫೀನ್ ಇಲ್ಲ. ನಮ್ಮ ಕಾನೂನಿನಲ್ಲಿ ಮಿಶ್ರಣದ ಪುಡಿಯಲ್ಲಿ ಶೇ. 49ರವರೆಗೆ ಹಾಕಬಹುದು. ಎಷ್ಟಿದೆ ಎಂದು ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಓದಿ ತೆಗೆದುಕೊಳ್ಳಿ.

ಬಿಸಿಯ ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು. 2016ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಾಫಿಯನ್ನು ಕ್ಯಾನ್ಸರ್ ಅನುಮಾನದ ಪಟ್ಟಿಯಿಂದ ಕೈಬಿಟ್ಟಿತು. ಆದರೆ 65 ಡಿಗ್ರಿಗಿಂತ ಬಿಸಿಯಾದ ಯಾವ ಪಾನೀಯವೂ ಅನ್ನನಾಳಕ್ಕೆ ಅಪಾಯ ತರಬಹುದು ಎಂದಿತು. ಲೋಟದಿಂದ ದಬರಿಗೆ, ದಬರಿಯಿಂದ ಲೋಟಕ್ಕೆ ಎತ್ತಿ ಸುರಿದರೆ ಎರಡು ಸಲಕ್ಕೇ ಹದವಾಗಿ ಆರುತ್ತದೆ. ಕಾಗದದ ಕಪ್ಪಿಗೆ ಮುಚ್ಚಳ ಹಾಕಿ ಕೊಡುವುದು ನನಗೆ ಇಂದಿಗೂ ಇಷ್ಟವಾಗುವುದಿಲ್ಲ. ಎಷ್ಟು ಬಿಸಿ ಇದೆ ಎಂದು ನಾಲಿಗೆ ಸುಟ್ಟ ಮೇಲೆಯೇ ಗೊತ್ತಾಗುವುದು.

ಸಂಜೆಯ ಕಾಫಿ ಮಾತ್ರ ಎರಡೂ ಕಡೆ ತಪ್ಪು. ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಬಸುರಿಯರಲ್ಲಿ ಇದು ಇನ್ನೂ ನಿಧಾನ, ಅವರಿಗೆ ದಿನಕ್ಕೆ 200 ಮಿಲಿಗ್ರಾಂ ಒಳಗೆ ಇರಲಿ ಅನ್ನುತ್ತಾರೆ. ಅಂದರೆ ಸಣ್ಣ ಲೋಟದಲ್ಲಿ ಎರಡೇ. ಸಂಜೆ 7ಕ್ಕೆ ಕುಡಿದದ್ದರ ಅರ್ಧ ನಡುರಾತ್ರಿಯಲ್ಲೂ ಒಳಗೇ ಇರುತ್ತದೆ. ನಿದ್ರೆ ಬರುತ್ತಲ್ಲ ಅನ್ನಬಹುದು. ಬರುತ್ತದೆ, ಆದರೆ ಎಷ್ಟೋ ಜನರಿಗೆ ಅದು ಗಟ್ಟಿ ನಿದ್ರೆ ಆಗಿರುವುದಿಲ್ಲ. ಬೆಳಗ್ಗೆ ಆಯಾಸ, ಅದಕ್ಕೆ ಮತ್ತೊಂದು ಕಾಫಿ.

ಅಮ್ಮ ಈಗ ಬೆಳಗ್ಗೆ 6ಕ್ಕೆ ಕಾಫಿ ಕುಡಿಯುತ್ತಾಳೆ. ಎಂಟೂವರೆಗೆ ತಿಂಡಿ. 11 ಗಂಟೆಗೆ ನಿಂಬೆಹಣ್ಣಿನ ನೀರಿನ ಜೊತೆ ಮಾತ್ರೆ, ನಿಂಬೆಯಲ್ಲಿರುವ ಸಿ ವಿಟಮಿನ್ ಕಬ್ಬಿಣ ಸೇರಲು ನೆರವಾಗುತ್ತದೆ ಎಂದು. ಮೊನ್ನೆ ಪರೀಕ್ಷೆಯಲ್ಲಿ 11.1 ಇತ್ತು. ತಿಂಡಿಯಾದ ಮೇಲೆ ಕೈ ಸುಮ್ನೆ ಲೋಟ ಹುಡುಕುತ್ತೆ ಕಣೋ ಅನ್ನುತ್ತಾಳೆ. ಪಕ್ಕದ ಬೀದಿಯಲ್ಲಿರುವ ಚಿಕ್ಕಮ್ಮ ಇನ್ನೂ ಒಪ್ಪಿಲ್ಲ. ಭಾನುವಾರ ಅವರಿಗೆ ಫೋನ್ ಮಾಡಬೇಕು.