ತಾಳಿ ಕಟ್ಟುವಾಗ ಕ್ಯಾಮೆರಾ ಊಟದ ಹಾಲ್‌ನಲ್ಲಿತ್ತು

ನಮ್ಮ ಮದುವೆ ವಿಡಿಯೋಗಳನ್ನು ನೋಡಿ ಬೆಳೆದವರಿಗೆ ಫಾರ್ಮುಲಾ ಒನ್ ಕಾರ್ ರೇಸ್‌ನ ಟಿವಿ ಪ್ರಸಾರ ಹೊಸದೇನೂ ಅನ್ನಿಸುವುದಿಲ್ಲ. ಮೂರು ಗಂಟೆಯ ವಿಡಿಯೋದಲ್ಲಿ ಎಲ್ಲರೂ ಇರುತ್ತಾರೆ. ಹೋಳಿಗೆ ಬಾಯಿಗಿಟ್ಟುಕೊಂಡ ದೊಡ್ಡಪ್ಪ, ಸೆರಗು ಸರಿ ಮಾಡಿಕೊಳ್ಳುವ ಅತ್ತೆ, ಲೈಟ್ ಬಿದ್ದ ಕಡೆಗೆಲ್ಲ ಓಡಿಬರುವ ಮಕ್ಕಳು. ಗಟ್ಟಿಮೇಳ ಶುರುವಾಗುತ್ತದೆ, ಅಕ್ಷತೆ ಹಾರುತ್ತದೆ. ಆ ಒಂದು ನಿಮಿಷ ಮಾತ್ರ ಪರದೆ ತುಂಬ ಫೋಟೋಗ್ರಾಫರ್ ಬೆನ್ನು.

2021ರ ಮೊನಾಕೊ ರೇಸ್‌ನಲ್ಲಿ ನಾವು ನೋಡಿದ್ದು ಅದೇ ಬೆನ್ನು. ಮೊನಾಕೊ ಅಂದರೆ ಓಣಿಯಲ್ಲಿ ಲಾರಿ ಓಡಿಸಿದ ಹಾಗೆ, ದಾಟಲು ಜಾಗವೇ ಇಲ್ಲ. ಇಡೀ ಮಧ್ಯಾಹ್ನಕ್ಕೆ ಒಂದು ಪೈಪೋಟಿ ಸಿಕ್ಕರೆ ಪುಣ್ಯ. ಆವತ್ತು ಸಿಕ್ಕಿತ್ತು! ವೆಟೆಲ್ ಎಂಬ ಚಾಲಕ ಟೈರ್ ಬದಲಿಸುವ ಪಿಟ್‌ನಿಂದ ಹೊರಬಂದು ಎದುರಾಳಿ ಗ್ಯಾಸ್ಲಿ ಜೊತೆ ಅಕ್ಕಪಕ್ಕದಲ್ಲೇ ದಿಬ್ಬ ಹತ್ತುತ್ತಿದ್ದಾರೆ. ಗಟ್ಟಿಮೇಳ. ಅಷ್ಟರಲ್ಲಿ ಪರದೆ ಬದಲಾಯಿತು. ಸ್ಟ್ರೋಲ್ ಎಂಬ ಇನ್ನೊಬ್ಬ ಮಹಾಶಯ ಈಜುಕೊಳದ ತಿರುವಿನಲ್ಲಿ ಅಡ್ಡದಾರಿ ಹಿಡಿದದ್ದರ ರಿಪ್ಲೇ. ಮರಳಿ ಬಂದಾಗ ವೆಟೆಲ್ ಮುಂದಿದ್ದರು. ಹೇಗೆ ಮುಂದೆ ಹೋದರು ಅಂತ ಕೇಳಬೇಡಿ, ಊಟ ಆಯ್ತಾ?

ಆಗ ಮೊನಾಕೊ ಪ್ರಸಾರ ಸ್ಥಳೀಯ ಟಿವಿಯವರ ಕೈಯಲ್ಲಿತ್ತು, ಪಾಪ ಅಂತ ಬಿಟ್ಟೆವು. 2023ರಿಂದ ಅದನ್ನೂ ಫಾರ್ಮುಲಾ ಒನ್‌ನವರೇ ವಹಿಸಿಕೊಂಡರು. ಇನ್ನು ತಾಳಿ ಕಾಣುತ್ತದೆ ಅಂದುಕೊಂಡೆವು. 2025ರ ಸಿಂಗಪುರದಲ್ಲಿ ಹ್ಯಾಮಿಲ್ಟನ್ ಬ್ರೇಕ್ ಕೈಕೊಟ್ಟಿತು. ಹಿಂದಿನಿಂದ ಅಲಾನ್ಸೊ ಅಟ್ಟಿಸಿಕೊಂಡು ಬಂದು, ಗೆರೆ ದಾಟುವಾಗ ಇಬ್ಬರ ನಡುವೆ ಅರ್ಧ ಸೆಕೆಂಡೂ ಇರಲಿಲ್ಲ. ಇಂಥ ಅಟ್ಟಾಟಕ್ಕೇ ಪರದೆಯಲ್ಲಿ ಸರಿಯಾಗಿ ಜಾಗ ಸಿಗಲಿಲ್ಲ. ಅದೇ ರೇಸ್ ಓಡಿಸಿದ ಸೈನ್ಜ್ ಆಮೇಲೆ ಬಾಯಿಬಿಟ್ಟೇ ಹೇಳಿದರು: ನಾನೂ ಕಾರುಗಳನ್ನು ದಾಟಿದ್ದೆ, ಅದೂ ಕಾಣಲಿಲ್ಲ, ಚಾಲಕರ ಗೆಳತಿಯರನ್ನೂ ಸೆಲೆಬ್ರಿಟಿಗಳನ್ನೂ ತೋರಿಸುವುದು ಅತಿಯಾಯಿತು ಎಂದು. ನೋಡಿ, ಮದುಮಗನೇ ವಿಡಿಯೋದವನ ಮೇಲೆ ಸಿಟ್ಟಾದ ಮದುವೆ ಇದು.

ಇದರ ಜೊತೆಗೆ ಜಾತಕ ಬೇರೆ. ಹಿಂದಿನವನು ಮುಂದಿನವನನ್ನು ದಾಟುವ ಸಾಧ್ಯತೆ ಶೇಕಡಾ ಇಷ್ಟು ಎಂದು ಕಂಪ್ಯೂಟರ್ ಗುಣಿಸಿ ಮೂಲೆಯಲ್ಲಿ ಬರೆಯುತ್ತದೆ. 36 ಗುಣಕ್ಕೆ 30 ಕೂಡಿದ ಜೋಡಿ ಆರು ತಿಂಗಳಿಗೆ ಬೇರೆಯಾದದ್ದನ್ನು ನೋಡಿದವರು ನಾವು. ಸುಮ್ನೆ ನಗುತ್ತೇವೆ.

ಪ್ರಸಾರದ ಕಥೆ ಇದಾದರೆ, ಸೀಸನ್ನಿನದು ಇನ್ನೂ ಸೊಗಸು. 1950ರಲ್ಲಿ ವರ್ಷಕ್ಕೆ 7 ರೇಸ್ ಇತ್ತು. 2024ರಲ್ಲಿ 24. ಅಷ್ಟು ಮದುವೆಗೆ ಹೋಗಿ ಬರುವವನ ಹೊಟ್ಟೆಯ ಗತಿ ಏನು ಎಂದು ಯಾರೂ ಕೇಳಲಿಲ್ಲ. ಬದಲಿಗೆ, ಹೊಟ್ಟೆ ಖಾಲಿ ಇರಬಹುದು ಎಂದು 2021ರಲ್ಲಿ ಸ್ಪ್ರಿಂಟ್ ಎಂಬ ಚಿಕ್ಕ ಓಟ ತಂದರು. ಸ್ಪ್ರಿಂಟ್ ಅಂದರೆ ನಮ್ಮ ಬೆಂಗಳೂರು ಕಡೆ ಮದುವೆಯ ಹಿಂದಿನ ಸಂಜೆ ಇಟ್ಟುಕೊಳ್ಳುವ ರಿಸೆಪ್ಶನ್. ಅದೇ ಹುಡುಗ, ಅದೇ ಹುಡುಗಿ, ಅದೇ ಛತ್ರ. ಮುಹೂರ್ತ ಮಾತ್ರ ನಾಳೆ.

ಮೊದಲ ಪ್ರಯೋಗ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ. ಯಾರು ಎಷ್ಟನೆಯವರಾಗಿ ಹೊರಡಬೇಕೆಂದು ತೀರ್ಮಾನಿಸುವ ಶುಕ್ರವಾರದ ಕ್ವಾಲಿಫೈಯಿಂಗ್‌ನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸಿದ್ದು ಹ್ಯಾಮಿಲ್ಟನ್. ಶನಿವಾರದ ಸ್ಪ್ರಿಂಟ್ ಗೆದ್ದದ್ದು ವರ್ಸ್ಟಾಪನ್. ಪೋಲ್ ಪೊಸಿಷನ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಜಾಗ, ಯಾರ ಹೆಸರಿಗೆ ಬರೆದರು ಹೇಳಿ? ವರ್ಸ್ಟಾಪನ್ ಹೆಸರಿಗೆ. ಮರುವರ್ಷ, ಅಯ್ಯೋ ತಪ್ಪಾಯಿತು, ಇನ್ನು ಶುಕ್ರವಾರದ್ದೇ ಪೋಲ್ ಎಂದರು. ಹೆಸರಿನ ವಿಷಯವಂತೂ ಕೇಳಲೇಬೇಡಿ. 2021ರಲ್ಲಿ ಆ ಶನಿವಾರದ ಓಟಕ್ಕೇ ‘ಸ್ಪ್ರಿಂಟ್ ಕ್ವಾಲಿಫೈಯಿಂಗ್’ ಎಂದು ಹೆಸರು. 2023ರಲ್ಲಿ ಸ್ಪ್ರಿಂಟ್‌ಗೇ ಬೇರೆ ಕ್ವಾಲಿಫೈಯಿಂಗ್ ಹುಟ್ಟಿತು, ಅದಕ್ಕೆ ‘ಸ್ಪ್ರಿಂಟ್ ಶೂಟೌಟ್’ ಎಂದು ನಾಮಕರಣ. 2024ರಲ್ಲಿ ಅದರ ಹೆಸರು ಬದಲಿಸಿ ‘ಸ್ಪ್ರಿಂಟ್ ಕ್ವಾಲಿಫೈಯಿಂಗ್’ ಎಂದರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಅಲ್ಲೂ ಇದೆ ಅಂತ ನನಗೆ ತಿಳಿದದ್ದು ಆಗಲೇ.

ಹಳೆಯ ಸುಧಾರಣೆಗಳೂ ಕಮ್ಮಿಯೇನಲ್ಲ. 2014ರಲ್ಲಿ ಕೊನೆಯ ರೇಸ್‌ಗೆ, ಅಬುಧಾಬಿಯಲ್ಲಿ, ಎಲ್ಲ ಪಾಯಿಂಟ್ ಡಬಲ್ ಮಾಡಿದ್ದರು. ಒಂದೇ ವರ್ಷಕ್ಕೆ ಕೈಬಿಟ್ಟರು. 2016ರಲ್ಲಿ ಕ್ವಾಲಿಫೈಯಿಂಗ್‌ಗೆ ಹೊಸ ನಿಯಮ ಬಂತು. ಪ್ರತಿ 90 ಸೆಕೆಂಡಿಗೆ ನಿಧಾನದವನು ಔಟ್. ಪಂಕ್ತಿಯಲ್ಲಿ ಮೆಲ್ಲಗೆ ಉಣ್ಣುವವನನ್ನು ಎಲೆಯ ಮುಂದಿನಿಂದ ಎಬ್ಬಿಸಿದ ಹಾಗೆ. ಮೆಲ್ಬರ್ನ್‌ನಲ್ಲಿ ಏನಾಯಿತೆಂದರೆ, ಎಲ್ಲರೂ ಟೈರ್ ಉಳಿಸಲು ಮೊದಲೇ ಕೈತೊಳೆದು ಎದ್ದುಬಿಟ್ಟರು. ಕೊನೆಯ ನಿಮಿಷಗಳಲ್ಲಿ ಟ್ರ್ಯಾಕ್ ಮೇಲೆ ನರಪಿಳ್ಳೆ ಇಲ್ಲ. ಖಾಲಿ ಟ್ರ್ಯಾಕ್‌ಗೆ ಬಾವುಟ ಬೀಸಿದರು. ಇಷ್ಟಾದ ಮೇಲೂ ಬಹರೇನ್‌ನಲ್ಲಿ ಅದನ್ನೇ ಇನ್ನೊಮ್ಮೆ ಬಡಿಸಿ ನೋಡಿ, ಆಮೇಲೆ ಪಾತ್ರೆ ತೊಳೆದಿಟ್ಟರು.

ಬೆಲ್ಜಿಯಂನ ಸ್ಪಾ ಟ್ರ್ಯಾಕ್ ನೆನಪಿದೆಯಲ್ವಾ? 2009ರಲ್ಲಿ ಮಲ್ಯರ ಫೋರ್ಸ್ ಇಂಡಿಯಾ ಕಾರು ಪೋಲ್‌ನಿಂದ ಹೊರಟು ಎರಡನೆಯದಾಗಿ ಬಂದದ್ದು ಅಲ್ಲೇ. (ಆಗ ನಾವೆಲ್ಲ ಅವರನ್ನು ‘ನಮ್ಮ ಬೆಂಗಳೂರಿನವರು’ ಎನ್ನುತ್ತಿದ್ದೆವು.) 2021ರಲ್ಲಿ ಅದೇ ಸ್ಪಾದಲ್ಲಿ ಜಡಿಮಳೆ. ಜನ ಗಂಟೆಗಟ್ಟಲೆ ನೆನೆದರು. ಕೊನೆಗೆ ಕಾರುಗಳು ಎಲ್ಲರ ವೇಗ ತಗ್ಗಿಸುವ ಸೇಫ್ಟಿ ಕಾರಿನ ಹಿಂದೆ ಸಾಲಾಗಿ ಮೆರವಣಿಗೆ ಹೋಗಿ ಬಂದವು. ಯಾರೂ ಯಾರನ್ನೂ ದಾಟಲಿಲ್ಲ, ದಾಟುವ ಹಾಗೂ ಇರಲಿಲ್ಲ. ಲೆಕ್ಕಕ್ಕೆ ಹಿಡಿದದ್ದು ಒಂದೇ ಸುತ್ತು. ಅದಕ್ಕೆ ಅರ್ಧ ಪಾಯಿಂಟ್, ಪೋಡಿಯಂ, ವೈನ್ ಎಲ್ಲ ಆಯಿತು. ಮದುವೆ ನಡೆಯಲಿಲ್ಲ, ಮುಯ್ಯಿ ಮಾತ್ರ ಬರೆಸಿಕೊಂಡರು.

ಲಾಸ್ ವೇಗಸ್ ಅದಕ್ಕೂ ಒಂದು ಕೈ ಮೇಲು. 2023ರ ಮೊದಲ ಪ್ರಾಕ್ಟೀಸ್ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ರಸ್ತೆಯ ನೀರಿನ ವಾಲ್ವ್ ಮುಚ್ಚಳ ಎದ್ದು ಸೈನ್ಜ್ ಅವರ ಫೆರಾರಿಯ ಹೊಟ್ಟೆ ಸೀಳಿತು. ಎರಡನೇ ಪ್ರಾಕ್ಟೀಸ್ ನಡೆದದ್ದು ನಡುರಾತ್ರಿ ಎರಡೂವರೆಗೆ, ಟಿಕೆಟ್ ಕೊಂಡವರನ್ನು ಹೊರಗೆ ಕಳಿಸಿದ ಮೇಲೆ. ಮುರಿದ ಕಾರಿಗೆ ಹೊಸ ಬ್ಯಾಟರಿ ಹಾಕಿದ್ದಕ್ಕೆ ಸೈನ್ಜ್‌ಗೇ ರೇಸ್ ಶುರುವಿಗೆ 10 ಸ್ಥಾನ ಹಿಂದೆ ನಿಲ್ಲುವ ದಂಡ. ನಮಗೂ ಬೇಜಾರೇ, ಆದರೆ ನಿಯಮದಲ್ಲಿ ವಿನಾಯಿತಿಗೆ ದಾರಿ ಇಲ್ಲ ಎಂದರು ತೀರ್ಪುಗಾರರು. ಛತ್ರದಲ್ಲಿ ಚಪ್ಪಲಿ ಕಳೆದುಕೊಂಡವನಿಗೆ ಬರಿಗಾಲಲ್ಲಿ ಬಂದೆಯಾ ಅಂತ ದಂಡ ಹಾಕಿದ ಹಾಗೆ.

ಇದನ್ನೆಲ್ಲ ನಾನು ನೋಡುವುದು ಮೊಬೈಲ್‌ನಲ್ಲಿ. 2022ರ ಸೀಸನ್ ಮುಗಿದ ಮೇಲೆ ಸ್ಟಾರ್ ಸ್ಪೋರ್ಟ್ಸ್‌ನಿಂದ ರೇಸ್ ಎದ್ದು ಹೋಯಿತು. ಈಗ ಆ್ಯಪ್‌ಗೆ ದುಡ್ಡು ಕಟ್ಟಿ, ಮಯಾಮಿ ರೇಸ್‌ಗೆ ರಾತ್ರಿ ಒಂದೂವರೆಗೆ ಅಲಾರಂ ಇಟ್ಟು, ಚಾದರದೊಳಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅಂಗೈಯಗಲದ ಪರದೆಯಲ್ಲಿ ಯಾವುದೋ ಹಾಲಿವುಡ್ ನಟನ ಮುಖ ನೋಡುತ್ತೇನೆ.

2009ರಲ್ಲಿ ದೆಹಲಿಯ ಕ್ರೀಡಾ ಸಚಿವಾಲಯ ಇದು ಕ್ರೀಡೆಯಲ್ಲ, ಬರೀ ಮನರಂಜನೆ ಎಂದಿತ್ತು. 2011ರಿಂದ 2013ರವರೆಗೆ ಗ್ರೇಟರ್ ನೋಯ್ಡಾದಲ್ಲಿ ರೇಸ್ ನಡೆದಾಗಲೂ ಮನರಂಜನಾ ತೆರಿಗೆಯ ಜಗ್ಗಾಟ ಬಿಡಲಿಲ್ಲ. ಸ್ಟೀರಿಂಗ್ ಯಾವ ಕಡೆ ಇರುತ್ತೆ ಅಂತಲೂ ಗೊತ್ತಿಲ್ಲದ ಬಾಬುಗಳು ಎಂದು ಆಗ ಬಾಯಿಗೆ ಬಂದ ಹಾಗೆ ಬೈದಿದ್ದೆ. ಆ ಸಚಿವಾಲಯದ ವಿಳಾಸಕ್ಕೆ ಒಂದು ತಪ್ಪೊಪ್ಪಿಗೆ ಪತ್ರ ಹಾಕಬೇಕು. ಈ ಶನಿವಾರ ಆಗಲ್ಲ, ಸ್ಪ್ರಿಂಟ್ ಇದೆ.